ಗದ್ದಪ್ಪ ಬೆಟ್ಟ ತೋರಿಸಿದ್ದು

ನನ್ನ ತಂಗಿಯ ಗಂಡ ಬೆಟ್ಟದ ಮುಂದೆ ಜನರನ್ನು ಕೂರಿಸಿ ಕೂರಿಸಿಯೇ ತಲೆ ನೆರೆಸಿಕೊಂಡವನು. ಬೆಟ್ಟ ಮಾತ್ರ ಬಟ್ಟೆಯದು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂದು ಗಾದೆ ಕಟ್ಟಿದವರು ಇವನ ಸ್ಟುಡಿಯೋಗೆ ಬಂದಿರಲಿಕ್ಕಿಲ್ಲ. ಇವನ ಬೆಟ್ಟ ಹತ್ತಿರ ಹೋಗಿ ಕೈಯಾಡಿಸಿದರೂ ನುಣ್ಣಗೇ ಇತ್ತು.

ಔಷಧಿ ಅಂಗಡಿಗೂ ಬೀಗ ರಿಪೇರಿಯವನಿಗೂ ನಡುವೆ ಅವನ ಸ್ಟುಡಿಯೋ. ಹೊರಗೆ ಗಾಜಿನ ಪೆಟ್ಟಿಗೆಯಲ್ಲಿ ಯಾರದೋ ಮದುವೆ ಜೋಡಿ, ಯಾರದೋ ಬೋಳುತಲೆಯ ಕೂಸು, ಯಾವನೋ ಮೀಸೆಯ ಪೊಲೀಸು. ಬಿಸಿಲು ಹೊಡೆದು ಹೊಡೆದು ಎಲ್ಲರೂ ಹಳದಿಯಾಗಿ, ಒಂದೇ ಮನೆಯಲ್ಲಿ ಕಾಮಾಲೆ ಬಂದವರ ಹಾಗೆ ಕಾಣುತ್ತಿದ್ದರು. ಒಳಗೆ ಉದ್ದನೆಯ ಕೋಣೆ. ಗೋಡೆಗೊಂದು ಕನ್ನಡಿ, ಯಾರೂ ಜೇಬಿಗೆ ಹಾಕಿಕೊಂಡು ಹೋಗದಂತೆ ದಾರದಲ್ಲಿ ಕಟ್ಟಿದ ಬಾಚಣಿಗೆ, ಅರ್ಧ ಊರು ಮುಖಕ್ಕೆ ಬಳಿದುಕೊಂಡ ಪೌಡರ್ ಡಬ್ಬಿ. ನಡುವೆ ಒಂದು ದುಂಡನೆಯ ಸ್ಟೂಲು. ಸ್ಟೂಲಿನ ಹಿಂದೆ ಪರದೆ, ಪರದೆಯ ಮೇಲೆ ಬೆಟ್ಟ.

ಪರದೆ ಬರೆದವನು ಟೈರಿನ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದ ಪೇಂಟರ್. ಅವನೂ ಬೆಟ್ಟ ಕಂಡವನಲ್ಲ. ನೀಲಿ ಬೆಟ್ಟ, ತುದಿಗೆ ಸುಣ್ಣ ಬಳಿದಂತೆ ಹಿಮ, ಕೆಳಗೊಂದು ಕೊಳ. ಕೊಳದ ದಂಡೆ ದುಂಡಗೆ, ಕರ್ರಗೆ, ಗೀರುಗೀರಾಗಿ ಥೇಟ್ ಲಾರಿಯ ಚಕ್ರ. ಇಲಿ ಕಡಿದ ಕಡೆಯೆಲ್ಲ ನನ್ನ ತಂಗಿ ಬಿಳಿ ಬಟ್ಟೆಯ ತೇಪೆ ಹಾಕಿ ಮೋಡ ಮಾಡಿದ್ದಳು. ಇಲಿಗಳು ಪ್ರತಿ ವರ್ಷ ಬಂದವು. ಹಾಗಾಗಿ ಮೋಡಗಳೂ ಬಂದವು.

ಊರು ಅವನನ್ನು ಗದ್ದಪ್ಪ ಎಂದು ಕರೆಯುತ್ತಿತ್ತು. ಸ್ಟೂಲಿನ ಮೇಲೆ ಯಾರೇ ಕೂರಲಿ, ಹೆಡ್ ಮಾಸ್ಟರರೇ ಆಗಲಿ, ಹಾಲು ಮಾರುವವನೇ ಆಗಲಿ, ಇವನು ಕ್ಯಾಮೆರಾ ಹಿಂದಿನಿಂದ ಹೇಳುವುದು ಒಂದೇ ಮಾತು: "ಗದ್ದ ಸ್ವಲ್ಪ ಕೆಳಗೆ." ಇವನ ಕೈಯಲ್ಲಿ ಫೋಟೋ ತೆಗೆಸಿಕೊಂಡವರೆಲ್ಲ ಏನೋ ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ಇರುತ್ತಿದ್ದರು. ನಮ್ಮ ಯಜಮಾನರ ಫೋಟೋ ನನ್ನ ಕೋಣೆಯಲ್ಲಿದೆ. ಬದುಕಿರುವಷ್ಟು ದಿನ ಯಾರಿಗೂ ತಲೆ ತಗ್ಗಿಸದ ಮನುಷ್ಯ, ಫೋಟೋದಲ್ಲಿ ಕಳೆದುಹೋದ ಚಪ್ಪಲಿ ಹುಡುಕುತ್ತಿದ್ದಾರೆ.

ನಮ್ಮವರು ಹೋದ ಮೇಲೆ ನಾನು ಸ್ಟುಡಿಯೋ ಹಿಂದಿನ ಅಂಗಳದಾಚೆಯ ಕೋಣೆಗೆ ಬಂದೆ. ಅಂಗಳದ ಈಚೆ ನಾನು, ಆಚೆ ತಂಗಿ ಮತ್ತು ಗದ್ದಪ್ಪ. ಅವರಿಗೆ ಮಕ್ಕಳಿರಲಿಲ್ಲ. ಮಕ್ಕಳ ಜಾಗದಲ್ಲಿ ಒಂದು ಪ್ರವಾಸವಿತ್ತು. ಅದನ್ನೇ ಸಾಕಿದರು, ಅದಕ್ಕೇ ಜಗಳವಾಡಿದರು. ಬೇರೆಯವರ ಮಕ್ಕಳು ದೊಡ್ಡವರಾಗಿ ಮನೆ ಬಿಟ್ಟು ಹೊರಟರೂ ಈ ಪ್ರವಾಸ ಮನೆ ಬಿಟ್ಟು ಹೊರಡಲಿಲ್ಲ.

ಮದುವೆಯಾದ ಹೊಸದರಲ್ಲಿ ಇವನು ಅವಳಿಗೆ ಹೇಳಿದ್ದನಂತೆ: "ಈ ಪರದೆ ಏನು ಮಹಾ? ನಿನಗೆ ನಿಜವಾದ ಬೆಟ್ಟ ತೋರಿಸ್ತೀನಿ. ಘಾಟಿ ರಸ್ತೆ ಹತ್ತಿ ಹೋಗೋಣ. ತುದೀಲಿ ನಿಲ್ಲಿಸಿ ನಿಂದೊಂದು ಫೋಟೋ ತೆಗೀತೀನಿ. ಊರು ಬಾಯಿ ಬಿಟ್ಕೊಂಡು ನೋಡಬೇಕು." ಹೊಸ ಹೆಂಡತಿ, ನಂಬಿದಳು. ಸ್ವೆಟರ್ ಹೆಣೆದಳು. ಆ ಸ್ವೆಟರ್ ಬಿಗಿಯಾಯಿತು, ಬಿಚ್ಚಿ ದೊಡ್ಡದು ಹೆಣೆದಳು. ಅದೂ ಬಿಗಿಯಾಯಿತು.

ಹೊರಡುವುದಕ್ಕೆ ಏನು ಅಡ್ಡಿ? ಬೆಳಕು. ಮಳೆಗಾಲದಲ್ಲಿ ಮಂಜು. ಬೇಸಿಗೆಯಲ್ಲಿ ದೂಳು. ಚಳಿಗಾಲದಲ್ಲಿ ಬಿಸಿಲು ಓರೆ. ಉಳಿದ ಕಾಲದಲ್ಲಿ ಬಿಸಿಲು ನೆತ್ತಿಗೆ. ವರ್ಷದಲ್ಲಿ ಇನ್ನೊಂದು ಕಾಲವಿದ್ದಿದ್ದರೆ ಅದಕ್ಕೂ ಒಂದು ಐಬು ಹುಡುಕುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಎಂದಳು. ನಮ್ಮವನು ಸೂರ್ಯನೇ ಡೊಂಕು ಎಂದ.

ಸ್ಟುಡಿಯೋ ಗೋಡೆಗೆ ರಸ್ತೆಯ ನಕ್ಷೆ ಅಂಟಿಸಿದ್ದ. ಅದರ ಮೇಲೆ ಗುಂಡುಪಿನ್ನು, ಪಿನ್ನಿನಿಂದ ಪಿನ್ನಿಗೆ ಕೆಂಪು ದಾರ. ದಾರ ಕೊಟ್ಟವನು ಎದುರಂಗಡಿಯ ಟೈಲರ್. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಈ ಇಬ್ಬರು ಗೋಡೆಯ ಮುಂದೆ ನಿಂತು ಬೆರಳಿನಲ್ಲಿ ಬೆಟ್ಟ ಹತ್ತುತ್ತಿದ್ದರು. ಟೈಲರ್ ಹುಟ್ಟಿದ ಬೀದಿ ಬಿಟ್ಟು ಹೋದವನಲ್ಲ. ಆದರೆ ಸಲಹೆಗೆ ಬರವಿರಲಿಲ್ಲ.

"ಗುರುವೇ, ಈ ತಿರುವಲ್ಲಿ ಜೀಪಿನ ಎಡಗಡೆ ಕೂತ್ರೆ ಕಣಿವೆ. ಬಲಗಡೆ ಕೂತ್ರೆ ಬರೀ ಗೋಡೆ," ಎಂದ ಟೈಲರ್.

"ಇಳಿಯೋವಾಗ?"

"ಇಳಿಯೋವಾಗ ಬಲಗಡೆ ಕಣಿವೆ."

"ಹಾಗಾದ್ರೆ ಮಧ್ಯದಲ್ಲಿ ಜಾಗ ಬದಲಾಯಿಸಬೇಕು. ಎಲ್ಲಿ ಬದಲಾಯಿಸೋದು?"

ಇದೊಂದು ಪ್ರಶ್ನೆಗೆ ಒಂದು ಇಡೀ ಮಳೆಗಾಲ ಹೋಯಿತು.

ಕೊನೆಗೆ ಮನೆಯ ಕುರ್ಚಿಗಳನ್ನೆಲ್ಲ ಅಂಗಳಕ್ಕೆ ತಂದು ಜೀಪಿನ ಸೀಟಿನಂತೆ ಜೋಡಿಸಿದ. ಮುಂದೆ ಡ್ರೈವರಿಗೊಂದು, ಪಕ್ಕದಲ್ಲಿ ತನಗೊಂದು, ಹಿಂದೆ ಉಳಿದವು. ನನ್ನನ್ನೂ ಕರೆದ.

"ಅತ್ತಿಗೆ, ನೀವು ಹಿಂದೆ ಬಲಗಡೆ. ಇವಳು ಮಧ್ಯ. ಎಡಗಡೆ ಕಿಟಕಿ ಹತ್ತಿರ ಕ್ಯಾಮೆರಾ ಚೀಲ."

"ಕಿಟಕಿ ಹತ್ತಿರ ನಿನ್ನ ಹೆಂಡತಿ ಕೂರಬಾರದೇನಪ್ಪ?"

"ಅದನ್ನ ಬೇಗ ತೆಗೀಬೇಕಾಗತ್ತೆ ಅತ್ತಿಗೆ. ಇವಳನ್ನ ಬೇಗ ತೆಗೆಯೋ ಪ್ರಸಂಗ ಏನಿದೆ?"

ತಂಗಿ ನಕ್ಕಳು. ಆಗೆಲ್ಲ ನಗುತ್ತಿದ್ದಳು. ನಾವು ಅಂಗಳದಲ್ಲಿ ಕುರ್ಚಿಯ ಮೇಲೆ ಕೂತು ಎಡಕ್ಕೆ ವಾಲಿ, ಬಲಕ್ಕೆ ವಾಲಿ ಘಾಟಿ ಹತ್ತಿದೆವು. ಔಷಧಿ ಅಂಗಡಿಯವನ ಹೆಂಡತಿ ಮಹಡಿಯಿಂದ ಬಗ್ಗಿ ನೋಡಿ, ಮನೆಯಲ್ಲಿ ಎಲ್ಲರೂ ಸೌಖ್ಯವೇ ಎಂದು ವಿಚಾರಿಸಿದಳು.

ಹೀಗೆಯೇ ನಡೆದು ಹೋಗುತ್ತಿತ್ತೇನೋ. ಅಷ್ಟರಲ್ಲಿ ತಂಗಿಯ ಕಣ್ಣು ಕೈಕೊಟ್ಟಿತು.

ಮೊದಲು ಎಡಗಣ್ಣು. ಯಾವಾಗ ಹೋಯಿತೆಂದು ಅವಳಿಗೇ ಗೊತ್ತಾಗಲಿಲ್ಲ. ಬಲಗಣ್ಣಿಗೆ ಏನೋ ಬಿದ್ದು ಉಜ್ಜುವಾಗ, ಜಗತ್ತೇ ಆರಿಹೋದದ್ದು ಕಂಡು ಹೆದರಿದಳು. ಕಣ್ಣಿನ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಗದ್ದಪ್ಪನೂ ಬಂದ. ಡಾಕ್ಟರು ಕಣ್ಣಿನ ಒಳಗಿನ ಒತ್ತಡ ಎಂದರು. ಎಡಗಣ್ಣು ಮುಗಿದ ಕತೆ, ಬಲಗಣ್ಣೂ ಅಂಚಿನಿಂದ ಒಳಕ್ಕೆ ಮುಚ್ಚಿಕೊಳ್ಳುತ್ತಿದೆ, ಹೋದದ್ದು ಮರಳಿ ಬರುವುದಿಲ್ಲ, ಹನಿ ಹಾಕಿದರೆ ಸ್ವಲ್ಪ ನಿಧಾನವಾದೀತು ಎಂದರು.

"ಎಷ್ಟು ನಿಧಾನ?" ಎಂದು ತಂಗಿ ಕೇಳಿದಳು.

"ಹೇಳೋದು ಕಷ್ಟಮ್ಮ. ನೋಡಬೇಕಾದ್ದು ಏನಾದ್ರೂ ಇದ್ರೆ, ಮುಂದಕ್ಕೆ ಹಾಕಬೇಡಿ."

ಮನೆಗೆ ಬಂದವಳು ಸೀದಾ ಸ್ಟುಡಿಯೋಗೆ ಹೋಗಿ ಸ್ಟೂಲಿನ ಮೇಲೆ ಕೂತಳು. ಗದ್ದಪ್ಪ ಹಿಂದೆಯೇ ಬಂದ.

"ರೀ, ನನಗೆ ಬೆಟ್ಟ ನೋಡಬೇಕು."

"ನೋಡೋಣ ಕಣೇ."

"ನೋಡೋಣ ಅಲ್ಲ. ನನಗೆ ಫೋಟೋ ಬೇಡ, ಊರು ಬಾಯಿ ಬಿಡೋದೂ ಬೇಡ. ಕಣ್ಣಿರೋವಾಗ ಒಂದು ಸಲ ನೋಡಬೇಕು, ಅಷ್ಟೇ."

ಇವನ ಕಣ್ಣಲ್ಲಿ ನೀರು ಬಂತು. ಸುಳ್ಳು ಹೇಳಬಾರದು, ಇವನಿಗೆ ಅವಳ ಮೇಲೆ ಪ್ರೀತಿ ಬಹಳ. ಆ ಪ್ರೀತಿಯೇ ಮುಂದೆ ಕಂಟಕವಾಯಿತು. ಇನ್ನೊಬ್ಬನಾಗಿದ್ದರೆ ಮರುದಿನವೇ ಬಸ್ಸು ಹತ್ತಿಸುತ್ತಿದ್ದ. ಇವನು ಯೋಚಿಸಿದ: ಒಂದೇ ಒಂದು ಸಲ ನೋಡುವುದಾದರೆ, ಆ ಒಂದು ಸಲ ಚೆನ್ನಾಗಿರಬೇಡವೇ? ಅರೆಬರೆ ಬೆಳಕಿನಲ್ಲಿ ತೋರಿಸಿ ಅವಳ ಕಣ್ಣಿಗೆ ಮೋಸ ಮಾಡುವುದೇ? ಹಾಗಾಗಿ ಹಳೆಯ ಪಿನ್ನುಗಳನ್ನೆಲ್ಲ ಕಿತ್ತು ಹೊಸದಾಗಿ ಶುರು ಮಾಡಿದ. ಟೈಲರ್ ಹೊಸ ದಾರ ತಂದ, ಈ ಸಲ ನೀಲಿ.

ಚಳಿಗಾಲ ಹೋಯಿತು. ತಂಗಿ ಚಹಾ ಸುರಿದರೆ ಲೋಟದ ಪಕ್ಕಕ್ಕೆ ಬೀಳತೊಡಗಿತು. ಬೇಸಿಗೆ ಹೋಯಿತು. ಬಾಗಿಲಿನ ಚೌಕಟ್ಟಿಗೆ ಭುಜ ಹೊಡೆದುಕೊಂಡು, "ಇದನ್ನ ಯಾರು ಇಲ್ಲಿಟ್ಟೋರು?" ಎನ್ನುತ್ತಿದ್ದಳು. ನನ್ನನ್ನು ನೋಡಬೇಕಾದರೆ ಕೊಳವೆಯಲ್ಲಿ ಇಣುಕುವವರ ಹಾಗೆ ಕತ್ತು ತಿರುಗಿಸಿ ಹುಡುಕುತ್ತಿದ್ದಳು. ನಡುವೆ ಕಂಡಷ್ಟು ಚೆನ್ನಾಗಿಯೇ ಕಾಣುತ್ತಿತ್ತು, ಸುತ್ತಲಿನದು ಇಲ್ಲ.

ಒಂದು ದಿನ ನಾನು ಗದ್ದಪ್ಪನನ್ನು ಹಿಡಿದು ನಿಲ್ಲಿಸಿದೆ. "ಅಲ್ಲಪ್ಪ, ಯಾವಾಗ ಹೊರಡೋದು? ಅವಳು ಕೋಲು ಹಿಡಿದ ಮೇಲಾ?"

"ಅತ್ತಿಗೆ, ಮಳೆ ನಿಂತ ಮೇಲೆ ಗಾಳಿ ತೊಳೆದ ಹಾಗಿರತ್ತೆ. ಆಗ ಬೆಳಕು..."

"ಬೆಳಕಿನ ಮನೆ ಹಾಳಾಗ. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅಂದ ಹಾಗಾಯ್ತು ನಿನ್ನ ಕತೆ. ಅವಳ ಕಣ್ಣು ನಿನ್ನ ಗೋಡೆ ನೋಡ್ಕೊಂಡು ಕಾಯತ್ತಾ?"

"ನಿಮಗೆ ಫೋಟೋಗ್ರಫಿ ಗೊತ್ತಿಲ್ಲ ಅತ್ತಿಗೆ," ಎಂದ, ಮೆಲ್ಲಗೆ, ಮಕ್ಕಳಿಗೆ ಹೇಳುವ ಹಾಗೆ.

ಗೊತ್ತಿರಲಿಲ್ಲ, ನಿಜ. ಆದರೆ ಜೀಪು ಸ್ಟ್ಯಾಂಡ್ ಎಲ್ಲಿದೆ ಎಂದು ಗೊತ್ತಿತ್ತು. ಹೋಗಿ ಒಬ್ಬ ಜೀಪಿನವನನ್ನು ಗೊತ್ತು ಮಾಡಿ, ನಾಳೆ ಬೆಳಿಗ್ಗೆ ಸ್ಟುಡಿಯೋ ಮುಂದೆ ಬಂದು ಹಾರ್ನ್ ಹೊಡೆ, ಯಾರು ಏನು ಹೇಳಿದರೂ ನಿಲ್ಲಿಸಬೇಡ ಎಂದೆ. ಅವನು ಹೇಳಿದ್ದಕ್ಕಿಂತ ಹೆಚ್ಚು ವಿಧೇಯ. ಬೆಳಿಗ್ಗೆ ಬೀದಿಗೆ ಬೀದಿಯೇ ಎದ್ದು ಬಾಗಿಲಿಗೆ ಬರುವ ಹಾಗೆ ಹೊಡೆದ. ಗದ್ದಪ್ಪ ಬನಿಯನ್ನಿನಲ್ಲಿ ಓಡಿಬಂದು ಆಕಾಶ ನೋಡಿದ. ದುರದೃಷ್ಟಕ್ಕೆ ಆಕಾಶ ಶುಭ್ರವಾಗಿತ್ತು. ಒಂದೇ ಒಂದು ನೆಪ ಸಿಗಲಿಲ್ಲ.

ಟೈಲರ್ ಮಾತ್ರ ಬರಲಿಲ್ಲ. "ನನಗೆ ತಿರುವಿನ ರಸ್ತೆ ಅಂದ್ರೆ ವಾಂತಿ, ಗುರುವೇ," ಎಂದ. ಅಷ್ಟು ಮಧ್ಯಾಹ್ನ ಅಷ್ಟು ತಿರುವು ಹತ್ತಿ ಇಳಿದವನು.

ಸಾಮಾನು ಹೇರುವಾಗ ನೋಡುತ್ತೇನೆ, ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡು, ಫಿಲ್ಮ್ ರೋಲಿನ ಡಬ್ಬ, ಅದರ ಹಿಂದೆ ಸ್ಟುಡಿಯೋದ ಆ ದುಂಡು ಸ್ಟೂಲು.

"ಇದೆಂಥದಕ್ಕಪ್ಪ? ಅಲ್ಲಿ ಕೂರೋದಕ್ಕೆ ಕಲ್ಲಿರಲ್ವಾ?"

"ಕಲ್ಲಿನ ಎತ್ತರ ನನಗೆ ಗೊತ್ತಿಲ್ಲ ಅತ್ತಿಗೆ. ಸ್ಟೂಲಿನ ಎತ್ತರ ಗೊತ್ತು."

ಜೀಪು ಊರು ದಾಟಿತು. ಕಿಟಕಿ ಹತ್ತಿರ ಕ್ಯಾಮೆರಾ ಚೀಲ, ಮಧ್ಯದಲ್ಲಿ ತಂಗಿ, ಈಚೆ ನಾನು. ಬಯಲು ಮುಗಿದು ರಸ್ತೆ ಮೇಲೇರತೊಡಗಿದ್ದೇ ತಡ, ಗದ್ದಪ್ಪ ಹಿಂದಕ್ಕೆ ತಿರುಗಿ ಒಂದು ಕಪ್ಪು ಟವೆಲ್ ಕೊಟ್ಟ.

"ಕಣ್ಣಿಗೆ ಕಟ್ಟಿಕೋ."

"ಯಾಕ್ರೀ?"

"ಫಿಲ್ಮಿಗೆ ಮೊದಲೇ ಬೆಳಕು ಬಿದ್ರೆ ಏನಾಗತ್ತೆ ಹೇಳು?"

"ಹಾಳಾಗತ್ತೆ." ಸ್ಟುಡಿಯೋದವನ ಹೆಂಡತಿ, ಅಷ್ಟು ಗೊತ್ತಿಲ್ಲವೇ.

"ಅಷ್ಟೇ. ನಿನ್ನ ಕಣ್ಣಲ್ಲಿ ಉಳಿದಿರೋದೇ ಸ್ವಲ್ಪ. ಈ ಪೊದೆ, ಈ ಗೋಡೆ, ಈ ಲಾರಿ ನೋಡಿ ಖರ್ಚು ಮಾಡಬೇಡ. ತುದೀಲಿ ನಾನು ಹೇಳಿದಾಗ ಬಿಚ್ಚು. ಒಂದೇ ಸಲ, ಪೂರ್ತಿ ಬೆಟ್ಟ ಬೀಳಬೇಕು."

ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಕಣ್ಣೇನು ಮದುವೆ ರೋಲೇ, ಮುಗಿದು ಹೋಗುವುದಕ್ಕೆ ಎಂದೆ. ತಂಗಿ ನನ್ನ ಕೈ ಒತ್ತಿದಳು.

"ಬಿಡಕ್ಕ. ಅವರ ಆಸೆ."

ಕಟ್ಟಿಕೊಂಡಳು. ಆಯುಷ್ಯವೆಲ್ಲ ಕಾದ ಘಾಟಿ ರಸ್ತೆಯನ್ನು ನನ್ನ ತಂಗಿ ಹಾಗೆ ಹತ್ತಿದಳು, ಕಣ್ಣಿಗೆ ಕಪ್ಪು ಕಟ್ಟಿಕೊಂಡು, ಕ್ಯಾಮೆರಾ ಚೀಲಕ್ಕೂ ಅಕ್ಕನಿಗೂ ನಡುವೆ ಸಿಕ್ಕಿಕೊಂಡು. ಕಿಟಕಿಯ ಹೊರಗೆ ನೀರು ಬಂಡೆಯಿಂದ ಧುಮುಕುತ್ತಿತ್ತು. ಕಣಿವೆಯ ತಳದಲ್ಲಿ ಹೊಳೆ, ಯಾರೋ ಎಸೆದ ನೂಲಿನ ಹಾಗೆ. ನಾನು ಕಂಡದ್ದನ್ನು ಮೆಲ್ಲಗೆ ಅವಳ ಕಿವಿಯಲ್ಲಿ ಹೇಳುತ್ತಿದ್ದೆ.

"ಅತ್ತಿಗೆ, ಹೇಳಬೇಡಿ! ಹೇಳಿದ್ರೂ ಹಾಳಾಗತ್ತೆ!" ಎಂದು ಮುಂದಿನಿಂದ ಕೂಗಿದ.

ಜೀಪಿನವನದು ಇನ್ನೊಂದು ಯೋಜನೆ. ನಾಲ್ಕೈದು ತಿರುವಿಗೊಮ್ಮೆ ಅವನಿಗೊಬ್ಬ ನೆಂಟ, ಪ್ರತಿ ನೆಂಟನಿಗೂ ಒಂದು ಚಹಾ ಅಂಗಡಿ. "ಸಾರ್, ಇದು ಬೆಸ್ಟ್ ವ್ಯೂ," ಎಂದು ನಿಲ್ಲಿಸುತ್ತಿದ್ದ. ವ್ಯೂ ಎಂದರೆ ಅವನ ಷಡ್ಡಕನ ಚಹಾ ಅಂಗಡಿಯ ಹಿಂಬದಿ. ಗದ್ದಪ್ಪ ಇಳಿದು, ಕೈಯನ್ನು ಹಣೆಗೆ ಹಿಡಿದು ಆಕಾಶ ಅಳೆದು, ಬೆಳಕು ಸರಿಯಿಲ್ಲ ಎಂದು ಹತ್ತಿ ಕೂರುತ್ತಿದ್ದ. ಒಂದು ಅಂಗಡಿಯ ಹೆಂಗಸು ಕಣ್ಣಿಗೆ ಕಟ್ಟಿದ ತಂಗಿಯನ್ನು ನೋಡಿ ಜೀಪಿನವನ ಕಿವಿಯಲ್ಲಿ, "ಇವಳನ್ನ ಎಲ್ಲಿಗೆ ಸಾಗಿಸ್ತಾ ಇದೀರಿ? ಪೊಲೀಸಿಗೆ ಗೊತ್ತಾ?" ಎಂದಳು. ತಂಗಿಗೆ ಕೇಳಿಸಿತು.

"ಬೆಟ್ಟ ತೋರಿಸೋಕೆ ಕರ್ಕೊಂಡು ಹೋಗ್ತಾ ಇದಾರಮ್ಮ," ಎಂದಳು ಟವೆಲಿನೊಳಗಿನಿಂದ.

ಆ ಹೆಂಗಸು ಚಹಾ ಕೊಟ್ಟು ಒಳಗೆ ಹೋದಳು.

ತುದಿ ಮುಟ್ಟಿದೆವು. ರಸ್ತೆ ಅಗಲವಾಗಿ, ಅಂಚಿಗೆ ಕಬ್ಬಿಣದ ಕಂಬಿ ಹಾಕಿದ ಜಾಗ. ಕಣಿವೆಯಾಚೆ ದೊಡ್ಡ ಬೆಟ್ಟ ಇರಬೇಕು. ಅಲ್ಲಿದ್ದದ್ದು ಮೋಡ. ಅದರ ಬುಡದಲ್ಲಿ ಒಂದಿಷ್ಟು ಕಪ್ಪು ಕಾಡು ಕಾಣುತ್ತಿತ್ತು, ಮೇಲೆ ಬರೀ ಬಿಳಿ. ಗದ್ದಪ್ಪನ ಮುಖ ಅಂಗಡಿ ಮುಚ್ಚಿದಂತಾಯಿತು.

"ಸರಿಯತ್ತೆ ಸಾರ್. ಇಲ್ಲಿ ಮೋಡ ಅತ್ತೆಯ ಕೋಪದ ಥರ. ಬರತ್ತೆ, ಹೋಗತ್ತೆ," ಎಂದ ಜೀಪಿನವನು, ಮತ್ತು ಅಲ್ಲೇ ಇದ್ದ ತನ್ನ ಇನ್ನೊಬ್ಬ ನೆಂಟನ ಅಂಗಡಿಗೆ ಹೊರಟುಹೋದ.

ಗದ್ದಪ್ಪ ಕಂಬಿಯ ಹತ್ತಿರ ಸ್ಟೂಲು ಇಟ್ಟ. ತಂಗಿಯನ್ನು ಕೈಹಿಡಿದು ತಂದು ಕೂರಿಸಿದ. ಹೇಗೆ ಕೂರಿಸಿದ ಎಂದರೆ, ಬೆನ್ನು ಬೆಟ್ಟಕ್ಕೆ, ಮುಖ ಕ್ಯಾಮೆರಾಕ್ಕೆ. ಜನ್ಮವಿಡೀ ಕೂರಿಸಿದ್ದು ಹಾಗೆಯೇ, ಕೈಗೆ ಬೇರೆ ಗೊತ್ತಿಲ್ಲ. ಬಟ್ಟೆಯ ಬೆಟ್ಟಕ್ಕೆ ಬೆನ್ನು ಹಾಕಿ ಕೂತವರು ಏನು ಕಳಕೊಳ್ಳುತ್ತಾರೆ? ಅದೇ ಲೆಕ್ಕ ಇಲ್ಲಿಗೂ.

"ಅಲ್ಲಪ್ಪ, ಬೆಟ್ಟ ಆ ಕಡೆ ಅಲ್ವಾ?"

"ಹೌದು ಅತ್ತಿಗೆ, ಹಿನ್ನೆಲೇಲಿ ಬರತ್ತೆ."

"ಅವಳು ನೋಡೋದು?"

"ಮೊದಲು ಒಂದು ಫೋಟೋ, ಆಮೇಲೆ ತಿರುಗಿಸ್ತೀನಿ. ಕಣ್ಣು ಬಿಚ್ಚಿದ ತಕ್ಷಣ ಮುಖದಲ್ಲಿ ಬರೋ ಆ ಇದು... ಅದು ಸಿಗಬೇಕು."

ಏನೂ ನೋಡದೆ ಮುಖದಲ್ಲಿ ಯಾವ 'ಇದು' ಬರುತ್ತದೋ ಅವನಿಗೇ ಗೊತ್ತು. ತಂಗಿ ಟವೆಲಿನೊಳಗೆ, ಸ್ವೆಟರಿನೊಳಗೆ, ಕೈ ಕಟ್ಟಿಕೊಂಡು ಕೂತಳು. ಗಾಳಿ ಬೀಸುತ್ತಿತ್ತು. ನಾನು ಅವಳ ಪಕ್ಕ ನಿಂತೆ.

ಮೋಡ ಸರಿಯುವ ತನಕ ಸುಮ್ಮನಿರಲು ಆಗುತ್ತದೆಯೇ? ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಕಂಡ ಕೂಡಲೇ ಅಲ್ಲಿದ್ದ ಪ್ರವಾಸಿಗರೆಲ್ಲ ಮುತ್ತಿದರು. ಒಂದು ಹೊಸ ಜೋಡಿ ಬಂದು, "ನಮ್ಮದೊಂದು ತೆಗೀತೀರಾ ಸಾರ್?" ಎಂದಿತು. ಗದ್ದಪ್ಪ ಬೇಡವೆನ್ನಬೇಕಿತ್ತು. ಆದರೆ ಯಾರಾದರೂ 'ಸಾರ್, ಒಂದು ಫೋಟೋ' ಎಂದರೆ ಅವನ ಬೆನ್ನು ತಾನಾಗಿ ಬಾಗುತ್ತದೆ. ಜೋಡಿಯ ಹಿಂದೆ ಒಂದು ದಪ್ಪ ಸಂಸಾರ. ಸಂಸಾರದ ಹಿಂದೆ ಪಿಂಚಣಿಯ ಮುದುಕರ ಒಂದು ತಂಡ. ನಮ್ಮವನು ಕಂಬಿಯ ಉದ್ದಕ್ಕೂ ಜನರನ್ನು ಸಾಲಾಗಿ ನಿಲ್ಲಿಸುತ್ತ, ಹಿಂದೆ ಮುಂದೆ ಮಾಡುತ್ತ, ಅಂಗಡಿ ತೆರೆದೇ ಬಿಟ್ಟ.

"ಗದ್ದ ಸ್ವಲ್ಪ ಕೆಳಗೆ! ದೊಡ್ಡಮ್ಮ, ನೀವಲ್ಲ, ಪಕ್ಕದವರು. ಹಾಂ. ಉಸಿರು ಬಿಡಬೇಡಿ!"

ಬೆಟ್ಟದ ತುದಿಯಲ್ಲಿ ಅಷ್ಟೊಂದು ಜನ ಹಿಂದೆ ಮೋಡ ಇಟ್ಟುಕೊಂಡು ನೆಲ ನೋಡುತ್ತ ನಿಂತದ್ದನ್ನು ನಾನು ಕಂಡೆ. ಬೆಟ್ಟ ಅಗೆದು ಇಲಿ ಹಿಡಿದರು ಎನ್ನುತ್ತಾರೆ. ಇವನು ಬೆಟ್ಟ ಹತ್ತಿ ಗದ್ದ ಹಿಡಿದ.

"ಅಕ್ಕ, ಬಿಚ್ಚಲಾ?" ಎಂದಳು ತಂಗಿ.

"ಮೋಡ ಇದೆ ಕಣೇ ಇನ್ನೂ."

"ಅವರೆಲ್ಲಿ?"

"ವ್ಯಾಪಾರದಲ್ಲಿದ್ದಾನೆ."

ಅಷ್ಟರಲ್ಲಿ ರೋಲು ಮುಗಿಯಿತು. ಗದ್ದಪ್ಪ ಕ್ಯಾಮೆರಾ ಅಲ್ಲಾಡಿಸಿ ನೋಡಿ, ನಾಲಿಗೆ ಕಚ್ಚಿಕೊಂಡ. ಓಡಿಬಂದು, "ಒಂದು ನಿಮಿಷ, ಹೊಸ ರೋಲು ಹಾಕ್ಕೊಂಡು ಬರ್ತೀನಿ. ನಾನು ಬರೋ ತನಕ ಬಿಚ್ಚಬೇಡ, ತಿರುಗಬೇಡ," ಎಂದು ಜೀಪಿನೊಳಗೆ ಹೊಕ್ಕ. ನೆರಳಿದ್ದರೆ ಸಾಕು, ಎಲ್ಲರೂ ಹೊರಗೇ ನಿಂತು ರೋಲು ಬದಲಾಯಿಸುತ್ತಾರೆ. ಇವನಿಗೆ ಅಷ್ಟು ಎತ್ತರದ ಬೆಳಕಿನ ಮೇಲೆ ನಂಬಿಕೆಯಿಲ್ಲ. ಬಾಗಿಲು ಹಾಕಿ, ಜೀಪಿನ ಪಕ್ಕದ ಪರದೆಗಳನ್ನು ಇಳಿಸಿ, ಮೇಲೆ ತನ್ನ ಕೋಟು ಹೊದ್ದು, ಒಳಗೆ ಕತ್ತಲೆ ಮಾಡಿಕೊಂಡು ಕೂತ.

ಆಗ ಬೆಟ್ಟ ಬಂತು.

ಬಂತು ಎಂದೇ ಹೇಳಬೇಕು. ನಾವು ಹೋದದ್ದಲ್ಲ, ಅದು ಬಂದದ್ದು. ಗಾಳಿ ಒಮ್ಮೆ ಮೈ ಮುರಿದಂತೆ ಬೀಸಿತು, ಮೋಡ ನಡುವೆ ಸೀಳಿತು, ಸೀಳಿನಲ್ಲಿ ಮೊದಲು ಒಂದು ಕಲ್ಲಿನ ಭುಜ ಕಂಡಿತು. ನಾನು ಇಷ್ಟೇ ಎಂದುಕೊಂಡೆ. ಭುಜದ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು, ಕತ್ತು ಹಿಂದಕ್ಕೆ ಬಾಗಿಸಿ ಬಾಗಿಸಿ ನೋಡಿದರೂ ಮುಗಿಯದೆ, ಎಲ್ಲೋ ಆಕಾಶ ಶುರುವಾಗಬೇಕಾದ ಜಾಗದಲ್ಲಿ ತುದಿ. ನೀಲಿಯಲ್ಲ ಅದು. ಬೂದಿ, ಕಂದು, ಅಲ್ಲಲ್ಲಿ ತುಕ್ಕಿನ ಬಣ್ಣ. ಹತ್ತಿರದಲ್ಲಿದ್ದವರೆಲ್ಲ ಮಾತು ನಿಲ್ಲಿಸಿದರು. ಆ ದಪ್ಪ ಸಂಸಾರದ ಯಜಮಾನಿ ಮಾತ್ರ "ಅಯ್ಯೋ" ಎಂದಳು, ಬೈದಂತೆ.

ನಾನು ತಂಗಿಯ ಭುಜ ಹಿಡಿದೆ, ಅಷ್ಟೇ.

"ಬಂತಾ?" ಎಂದಳು.

"ಬಂತು ಕಣೇ."

"ಅವರು?"

"ಜೀಪಲ್ಲಿ. ಕೋಟಿನೊಳಗೆ."

ಮೋಡ ಆಗಲೇ ಒಂದು ಮೂಲೆಯಿಂದ ಮತ್ತೆ ಸುತ್ತಿಕೊಳ್ಳುತ್ತಿತ್ತು. ನಾನು ಜೀಪಿನ ಕಡೆ ನೋಡಿದೆ. ಪರದೆಯ ಹಿಂದೆ ಏನೋ ಗುದ್ದಾಟ, ಡಬ್ಬದ ಮುಚ್ಚಳ ಬಿದ್ದ ಸದ್ದು, "ಥತ್" ಎಂಬ ಅವನ ದನಿ. ಕೂಗಿ ಕರೆಯಬಹುದಿತ್ತು. ಕರೆದರೆ "ಬಿಚ್ಚಬೇಡ, ಬಂದೆ" ಎನ್ನುತ್ತಿದ್ದ, ಅವಳು ಕೇಳುತ್ತಿದ್ದಳು. ನಾನು ಕರೆಯಲಿಲ್ಲ. ಅದಕ್ಕೆ ನನಗೆ ಇವತ್ತಿಗೂ ಬೇಸರವಿಲ್ಲ.

ತಂಗಿ ಟವೆಲನ್ನು ತಾನೇ ಬಿಚ್ಚಿ ನನ್ನ ಕೈಗೆ ಕೊಟ್ಟಳು. ಬೆಳಕಿಗೆ ಕಣ್ಣು ಕಿರಿದಾಯಿತು. ಎದ್ದಳು. ಸ್ಟೂಲನ್ನು ಬೆಟ್ಟದ ಕಡೆಗೆ ಎಳೆದು ಹಾಕಿಕೊಂಡು, ಮತ್ತೆ ಕೂತಳು. ಅವಸರವಿಲ್ಲ, ಸ್ವಂತ ಮನೆಯ ಜಗಲಿಯಲ್ಲಿ ಕೂತ ಹಾಗೆ.

ಕೊಳವೆಯ ಕಣ್ಣಿಗೆ ಅಷ್ಟು ದೊಡ್ಡದು ಒಟ್ಟಿಗೆ ಎಲ್ಲಿ ಸಿಕ್ಕೀತು? ಅವಳು ಬುಡದಿಂದ ಶುರು ಮಾಡಿದಳು. ಕಾಡಿನಿಂದ ಬಂಡೆಗೆ, ಬಂಡೆಯಿಂದ ಮೇಲಕ್ಕೆ, ಕತ್ತು ಸ್ವಲ್ಪ ಸ್ವಲ್ಪವೇ ಎತ್ತುತ್ತ, ಎಡಕ್ಕೆ ಹೋಗಿ ಬಲಕ್ಕೆ ಬಂದು, ನೆಲ ಸಾರಿಸುವವಳು ಒಂದು ಮೂಲೆಯೂ ಬಿಡದ ಹಾಗೆ ನೋಡಿದಳು. ಗದ್ದ ಮೇಲೆ ಹೋಗುತ್ತ ಹೋಗುತ್ತ, ಕೊನೆಗೆ ಬಾಯಿ ತೆರೆದು, ತುದಿಯ ಕಲ್ಲಿನ ಮೇಲೆ ಕಣ್ಣು ನಿಲ್ಲಿಸಿದಳು. ಅವಳು ತುದಿ ಮುಟ್ಟಿದ್ದಕ್ಕೂ ಕೆಳಗಿನಿಂದ ಮೋಡ ಏರಿ ಬಂದದ್ದಕ್ಕೂ ಸರಿಹೋಯಿತು. ಬಂಡೆ ಹೋಯಿತು, ಭುಜಗಳು ಹೋದವು, ತುದಿಯ ಒಂದು ಚೂರು ಎಲ್ಲದರ ಮೇಲೆ ತೇಲಿತು, ಅದೂ ಹೋಯಿತು.

ಜೀಪಿನ ಬಾಗಿಲು ಧಡಾರನೆ ತೆರೆಯಿತು. ಗದ್ದಪ್ಪ ಕ್ಯಾಮೆರಾ ಎತ್ತಿ ಹಿಡಿದು ಓಡಿಬಂದ. ಎದುರಿಗೆ ಕರೆದ ಹಾಲಿನಂತೆ ಬಿಳಿ, ಬಿಳಿಯ ಮುಂದೆ ಹೆಂಡತಿಯ ಬೆನ್ನು.

"ಏನೇ ಇದು? ಯಾಕೆ ತಿರುಗಿ ಕೂತೆ? ಟವೆಲ್ ಎಲ್ಲಿ?"

ಅವಳು ತಿರುಗಲಿಲ್ಲ.

"ಬಂದಿತ್ತಾ?" ಎಂದು ನನ್ನ ಕಡೆ ನೋಡಿದ.

"ಬಂದಿತ್ತಪ್ಪ. ನೀನು ಕೋಟಿನೊಳಗಿದ್ದೆ."

"ಪೂರ್ತಿ?"

"ಪೂರ್ತಿ."

ಅವನು ಮೋಡವನ್ನು ನೋಡಿದ. ಆ ಮುಖ ನೋಡಿ ನನಗೆ ಅಯ್ಯೋ ಅನ್ನಿಸಬೇಕಿತ್ತು. ಸ್ವಲ್ಪ ಅನ್ನಿಸಿತು ಕೂಡ. ಮತ್ತೆ ಬರಬಹುದು ಎಂದು ಕಂಬಿ ಹಿಡಿದು ಕಾದ. ಆ ಹೊಸ ಜೋಡಿ ಬಂದು, "ಸಾರ್, ಈಗ ಬೆಟ್ಟದ ಜೊತೆ ಇನ್ನೊಂದು ತೆಗೆಯೋಣ ಅಂದ್ಕೊಂಡಿದ್ವಿ, ನೀವೇ ಕಾಣಲಿಲ್ಲ," ಎಂದಿತು. ಗಾಯಕ್ಕೆ ಉಪ್ಪು ಕೇಳಿದವರು ಯಾರು? ಜೀಪಿನವನು ಚಹಾ ಮುಗಿಸಿ ಬಂದು, ಇವತ್ತಿಗೆ ಮುಗೀತು ಸಾರ್, ಮಧ್ಯಾಹ್ನದ ಮೇಲೆ ಇದು ಕದಲಲ್ಲ, ಬೇಕಾದ್ರೆ ನಮ್ಮ ಭಾವನ ಹೋಟೆಲಲ್ಲಿ ಉಳ್ಕೊಳ್ಳಿ ಎಂದ. ಗದ್ದಪ್ಪ ಆಸೆಯಿಂದ ತಂಗಿಯ ಕಡೆ ನೋಡಿದ.

"ಬೇಡ. ನನ್ನದಾಯ್ತು," ಎಂದಳು ಅವಳು. "ಹೊರಡೋಣ."

ಜೀಪು ಹತ್ತುವಾಗ ಕಿಟಕಿಯ ಪಕ್ಕದಲ್ಲಿದ್ದ ಕ್ಯಾಮೆರಾ ಚೀಲವನ್ನು ಎತ್ತಿ ಗದ್ದಪ್ಪನ ತೊಡೆಯ ಮೇಲಿಟ್ಟು, ಆ ಜಾಗದಲ್ಲಿ ಕೂತಳು. ಅವನು ಚೀಲ ಅಪ್ಪಿಕೊಂಡು ಕೂತ. ಇಳಿಯುವಾಗ ಯಾವ ಕಡೆ ಕಣಿವೆ ಎಂದು ಒಂದು ಮಳೆಗಾಲ ಚರ್ಚೆ ಮಾಡಿದ್ದು ಆಗ ಯಾರಿಗೂ ನೆನಪಿಗೆ ಬರಲಿಲ್ಲ. ಅವಳ ಕಡೆ ಗೋಡೆಯೇ ಬಂತು. ಅವಳು ಗೋಡೆಯನ್ನೂ ನೋಡಿದಳು. ಪಾಚಿ ನೋಡಿದಳು, ಬಂಡೆಯ ಬಿರುಕಿನಲ್ಲಿ ಬೇರು ಬಿಟ್ಟ ಗಿಡ ನೋಡಿದಳು, ರಸ್ತೆ ಕೆಲಸದವರು ಒಣಹಾಕಿದ ಅಂಗಿ ನೋಡಿದಳು. "ಅಕ್ಕ, ಆ ಕತ್ತೆ ನೋಡು, ಮೈಮೇಲೆ ಎಂಥ ಕಲ್ಲು ಹೇರಿದಾರೆ!" "ಅಕ್ಕ, ನೀರು, ನೀರು!" ಕೈಯನ್ನು ಹೊರಗೆ ಚಾಚಿ ನೀರಿನ ಹನಿ ಹಿಡಿದು ನನ್ನ ಮುಖಕ್ಕೆ ಎರಚಿದಳು. ಖರ್ಚು ಮಾಡಿದಳು, ಕೈ ಬಿಚ್ಚಿ ಖರ್ಚು ಮಾಡಿದಳು.

ಆ ಬಲಗಣ್ಣು ಮರುವರ್ಷದ ಬೇಸಿಗೆಯ ಹೊತ್ತಿಗೆ ಮುಚ್ಚಿತು. ಅದನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾರೂ ಬೇರೆ ಸುದ್ದಿಗೆ ಕಾಯಬಾರದು. ಈಗ ಅವಳು ಗೋಡೆ ಹಿಡಿದು ಓಡಾಡುತ್ತಾಳೆ, ನನ್ನ ಹೆಜ್ಜೆಯ ಸದ್ದಿಗೇ "ಅಕ್ಕಾ" ಎನ್ನುತ್ತಾಳೆ. ಗದ್ದಪ್ಪ ಚಹಾ ಮಾಡುವುದು ಕಲಿತಿದ್ದಾನೆ. ಸಕ್ಕರೆ ಹಾಕುವ ಮುಂಚೆ ಇನ್ನೂ ಬಹಳ ಯೋಚಿಸುತ್ತಾನೆ.

ಆ ದಿನ ಜೀಪಿನಲ್ಲಿ, ಘಾಟಿಯ ಅರ್ಧ ಇಳಿಯುವ ತನಕ ಅವನಿಗೆ ಒಂದೇ ಕೆಲಸ. ಹಿಂದಕ್ಕೆ ತಿರುಗುವುದು, ಅವಳನ್ನು ನೋಡುವುದು, ಮುಂದಕ್ಕೆ ತಿರುಗುವುದು. ಕೊನೆಗೆ ತಡೆಯಲಾರದೆ ಕೇಳಿದ.

"ಹೇಗಿತ್ತೇ?"

ತಂಗಿ ಅವನ ಕಡೆ ಕತ್ತು ತಿರುಗಿಸಿ, ಹುಡುಕಿ, ಅವನ ಮುಖ ಸಿಕ್ಕ ಮೇಲೆ ಸ್ವಲ್ಪ ಹೊತ್ತು ನೋಡಿದಳು. ಹೇಳಬೇಕೋ ಬೇಡವೋ ಎಂದು ಯೋಚಿಸಿದ ಹಾಗಿತ್ತು.

"ದೊಡ್ಡದಿತ್ತು," ಎಂದಳು.

ಅವನು ಕಾದ. ಜೀಪಿನವನೂ ಕಿವಿ ಅತ್ತ ಕೊಟ್ಟು ಕಾದ. ಅವಳು ಆಗಲೇ ಕಿಟಕಿಗೆ ತಿರುಗಿದ್ದಳು. ಇಳಿಯುವ ರಸ್ತೆ ಇನ್ನೂ ಬಹಳ ಇತ್ತು, ಬೆಳಕೂ ಇತ್ತು.